ಮಂಗಳವಾರ ಅಗ್ಗಕ್ಕೆ ಸಿಕ್ಕ ಕೋಣೆ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದು ಎದ್ದೆ, ಒಮ್ಮೆ ಸೆಕೆ ಎಂದು. ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದು ಒಂದು ಇಡೀ ಬೇಸಿಗೆ ಕಳೆದೆ. ನಿಜವಾದ ಕಾರಣ ಬೇರೆ. ಬರೆದರೆ ನಾನು ಎಂಥವನೆಂಬುದು ನನ್ನ ಕಣ್ಣಿಗೇ ಬೀಳುತ್ತದೆ. ಈಗ ನೆಪಗಳೂ ಮುಗಿದಿವೆ, ವಯಸ್ಸೂ ಮುಗಿಯುತ್ತಾ ಬಂದಿದೆ.

ನಾನು ಓದಿದ್ದು ಹತ್ತನೇ ತರಗತಿವರೆಗೆ. ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನ ಫಿಸಿಯೋಥೆರಪಿ ಕೋಣೆಯಲ್ಲಿ ಸಹಾಯಕನಾಗಿದ್ದೆ. ಮಷೀನು ಹಚ್ಚುವುದು, ಬಿಸಿ ಶಾಖದ ಚೀಲ ಕಟ್ಟುವುದು, ಲಕ್ವ ಹೊಡೆದವರಿಗೆ ಕಂಬಿ ಹಿಡಿಸಿ ನಡೆಸುವುದು ನನ್ನ ಕೆಲಸ. ಅಲ್ಲಿ ಚಿಕಿತ್ಸೆ ಕೊಡುತ್ತಿದ್ದ ತುಮಕೂರು ಕಡೆಯ ಹುಡುಗಿಯೊಬ್ಬಳು, ನಾನು ನಿವೃತ್ತನಾದ ಮರುವರ್ಷ, ಮನೆ ಹುಡುಕಿಕೊಂಡು ಬಂದಳು. ಅವಳನ್ನು ನಾವೆಲ್ಲ ಡಾಕ್ಟರಮ್ಮ ಎನ್ನುತ್ತಿದ್ದೆವು.

"ಅಂಕಲ್, ಸ್ವಂತದ್ದು ಶುರು ಮಾಡೋಣ ಅಂತಿದ್ದೀನಿ. ಚಿಕಿತ್ಸೆ ನಾನು ನೋಡ್ಕೋತೀನಿ, ಖರ್ಚು ನೀವು ನೋಡ್ಕೊಳ್ಳಿ. ಈ ಊರಲ್ಲಿ ಯಾರು ಎಷ್ಟು ಹೇಳ್ತಾರೆ, ಎಷ್ಟಕ್ಕೆ ಕೊಡ್ತಾರೆ ಅನ್ನೋದೇ ನಂಗೆ ಅರ್ಥ ಆಗಲ್ಲ."

ಅವಳ ಬಂಡವಾಳವೆಂದರೆ ತಾಯಿಯ ಬಂಗಾರ. ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಳು. ಒಂದು ವರ್ಷದೊಳಗೆ ಬಾಡಿಗೆ, ಕರೆಂಟು, ಬಡ್ಡಿ ಹುಟ್ಟದಿದ್ದರೆ ಮತ್ತೆ ನರ್ಸಿಂಗ್ ಹೋಮಿನ ಸಂಬಳಕ್ಕೇ ಹೋಗಬೇಕು. ಬಿಡುವಾಗ ಅಲ್ಲಿಯ ಮಾಲೀಕರು, "ಬಾಗಿಲು ತೆರೆದೇ ಇರ್ತೈತಮ್ಮ, ಬೇಕಾದಾಗ ಬಾ" ಎಂದು ನಕ್ಕಿದ್ದರಂತೆ.

"ಆ ನಗು ನೋಡಿದ ಮೇಲೆ ವಾಪಸ್ ಹೋಗೋಕಾಗಲ್ಲ ಅಂಕಲ್" ಎಂದಳು.

ನಾನು ಒಪ್ಪಿಕೊಂಡೆ. ಒಳಗೊಳಗೆ ಹಿಗ್ಗಿದೆ ಎಂಬುದನ್ನೂ ಹೇಳಬೇಕು. ಅಷ್ಟು ವರ್ಷ ಆ ಕೋಣೆಯಲ್ಲಿ ಬೆವರು ಸುರಿಸಿದರೂ ನನ್ನನ್ನು ಯಾರೂ ಹೀಗೆ ಹುಡುಕಿಕೊಂಡು ಬಂದಿರಲಿಲ್ಲ.

ಮೊದಲು ಜಾಗ. ಕಾಲು ಎಳೆಯುವವರು ಮಹಡಿ ಹತ್ತಲಾರರು, ಹಾಗಾಗಿ ನೆಲಮಹಡಿಯೇ ಬೇಕು. ದೊಡ್ಡ ರಸ್ತೆಯಲ್ಲಿ ನೆಲಮಹಡಿಗೆ ಕೇಳಿದ ಮುಂಗಡ ಕೇಳಿ ಇಬ್ಬರೂ ಸುಮ್ಮನೆ ಮನೆಗೆ ಬಂದೆವು. ಕೊನೆಗೆ ಆಟೋ ಒಳಗೆ ಬರುವಷ್ಟು ಅಗಲದ ಒಂದು ಓಣಿಯಲ್ಲಿ, ಹಳೆಯ ಜೀನ್ಸ್ ಗೋದಾಮು ಸಿಕ್ಕಿತು. ಬಾಗಿಲಲ್ಲಿ ಮೂರು ಮೆಟ್ಟಿಲು ಇದ್ದವು. ಒಬ್ಬ ಗೌಂಡಿಯನ್ನು ಕರೆದು ಅವುಗಳ ಮೇಲೆ ಇಳಿಜಾರು ಮಾಡಿಸಿದೆ. ಮನೆ ಮೀಟರಿನಲ್ಲಿ ನಡೆಸಿಬಿಡೋಣ ಎಂದು ಕಟ್ಟಡದ ಮಾಲೀಕ ಹೇಳಿದ. ನಾನು ಕೇಳಲಿಲ್ಲ. ಸಿಕ್ಕಿಬಿದ್ದರೆ ದಂಡವೇ ಒಂದು ವರ್ಷದ ಬಿಲ್ಲಿನಷ್ಟಾಗುತ್ತದೆ. ವ್ಯಾಪಾರದ ಮೀಟರನ್ನೇ ಹಾಕಿಸಿ, ಮಷೀನುಗಳಿಗೆ ಪ್ರತ್ಯೇಕ ಅರ್ಥಿಂಗ್ ಕೊಡಿಸಿದೆ.

ನಡಿಗೆಯ ಕಂಬಿಗಳನ್ನು ಅಂಗಡಿಯಲ್ಲಿ ಕೊಳ್ಳದೆ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ಎತ್ತರ ಹೆಚ್ಚುಕಡಿಮೆ ಮಾಡಲು ಪೈಪಿನೊಳಗೆ ಪೈಪು ಕೂರಿಸಿ ಪಿನ್ನು ಹಾಕಿಸಿದೆ. ಬೆನ್ನು ಎಳೆಯುವ ಟ್ರ್ಯಾಕ್ಷನ್ ಮಂಚ ಹೊಸಪೇಟೆಯಲ್ಲಿ ಮುಚ್ಚಿದ ಕ್ಲಿನಿಕ್ಕೊಂದರಿಂದ ಬಂತು. ಕಾಲಿಗೆ ಕಟ್ಟುವ ತೂಕದ ಪಟ್ಟಿಗಳಿಗೆ ಜೀನ್ಸ್ ಯೂನಿಟ್ಟಿನಲ್ಲಿ ಬಿಸಾಡುವ ತುಂಡು ಬಟ್ಟೆ ತಂದು, ಹಗರಿ ಹೊಳೆಯ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ತುಂಬಿಸಿದೆ. ಎರಡು ಹೊಲಿಗೆ ಹಾಕಿಸಿದ್ದರಿಂದ ಒಂದು ಕಾಳು ಮರಳೂ ಉದುರಲಿಲ್ಲ.

ಮೇಣದ ಪಾತ್ರೆಯ ವಿಷಯದಲ್ಲಿ ಮಾತ್ರ ಎಡವಿದೆ. ಬೆರಳು ಮಡಚಲಾಗದವರ ಕೈಯನ್ನು ಕರಗಿದ ಮೇಣದಲ್ಲಿ ಅದ್ದುತ್ತಾರೆ. ನಾನು ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆ ಇಟ್ಟು, ಸ್ಟೌ ಮೇಲೆ ಕಾಯಿಸಿ ತೋರಿಸಿದೆ. ಡಾಕ್ಟರಮ್ಮ ತನ್ನ ಬೆರಳನ್ನೇ ಅದ್ದಿ ನೋಡಿ ಕೈ ಕೊಡವಿದಳು. ಬೆರಳ ತುದಿ ಕೆಂಪಾಯಿತು. "ಕೈ ಸುಟ್ಟರೆ ನಮ್ಮ ಹೆಸರೂ ಸುಡುತ್ತೆ ಅಂಕಲ್. ಇದೊಂದರಲ್ಲಿ ಉಳಿತಾಯ ಬೇಡ" ಎಂದಳು. ಶಾಖ ತಾನೇ ನಿಲ್ಲಿಸುವ ಹೊಸ ಪಾತ್ರೆ ತರಿಸಿದೆವು.

ಬಾಗಿಲು ತೆರೆದ ಮೇಲೆ ಜೀನ್ಸ್ ಹೊಲಿಯುವವರೇ ಹೆಚ್ಚು ಬಂದರು. ಕತ್ತು ನೋವು, ಬೆನ್ನು ನೋವು, ಹಿಮ್ಮಡಿ ನೋವು. ಅವರಿಗಾಗಿ ಕೆಲಸದ ವೇಳೆಗೆ ಮುಂಚೆಯೇ ತೆರೆಯತೊಡಗಿದೆವು. ಬಾಡಿಗೆ, ಕರೆಂಟು ಹುಟ್ಟಿತು. ಬಂಗಾರದ ಬಡ್ಡಿ ಹುಟ್ಟಲಿಲ್ಲ. ಸಿರುಗುಪ್ಪ, ಕುರುಗೋಡು ಕಡೆಯಿಂದ ಬರುವ ರೋಗಿಗಳು ನಾಲ್ಕು ಸಲ ಬಸ್ಸು ಹತ್ತಿ ಸಾಕಾಗಿ ನಡುವೆಯೇ ಬಿಟ್ಟುಬಿಡುತ್ತಿದ್ದರು. ನಾವೇ ಅಲ್ಲಿಗೆ ಹೋದರೆ ಗಳಿಕೆ ಇದೆ ಎಂಬುದು ಡಾಕ್ಟರಮ್ಮನಿಗೆ ಗೊತ್ತಿತ್ತು. ಆದರೆ ಇನ್ನೆರಡು ಕಡೆ ಮುಂಗಡ ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

ಆಗ ಬಂದವರು ಸಿಸ್ಟರ್.

ಅವರೂ ಅದೇ ನರ್ಸಿಂಗ್ ಹೋಮಿನವರು. ಹೆಡ್ ನರ್ಸ್ ಆಗಿದ್ದರು. ಕ್ರೈಸ್ತ ಹೆಣ್ಣುಮಗಳು, ಬಳ್ಳಾರಿಯಲ್ಲೇ ಹುಟ್ಟಿ ಬೆಳೆದವರು, ಮಾತಿನಲ್ಲಿ ಅರ್ಧ ತೆಲುಗು. ನಾನು, ಅವರು ಒಟ್ಟಿಗೇ ನಿವೃತ್ತರಾದೆವು. ಬೀಳ್ಕೊಡುಗೆ ದಿನ ಎಂದೋ ಗುಣವಾಗಿ ಹೋದ ರೋಗಿಗಳ ಮನೆಯವರು ಅವರಿಗೆ ಸೀರೆ, ಸಿಹಿ ಹಿಡಿದು ಬಂದಿದ್ದರು. ಅವರಲ್ಲಿ ಒಬ್ಬ ನನ್ನನ್ನು ನೋಡಿ, "ಇವ್ರು ಯಾರು? ಹಾಂ, ಮಷೀನಿನವ್ರು" ಎಂದಿದ್ದ. ಅವನನ್ನು ಎರಡು ತಿಂಗಳು ಕಂಬಿ ಹಿಡಿಸಿ ನಡೆಸಿದವನು ನಾನು. ಆ ಕಿಚ್ಚು ಅಂದಿನಿಂದಲೂ ಹೊಟ್ಟೆಯಲ್ಲಿತ್ತು.

ಸಿಸ್ಟರ್ ಸುಮ್ಮನೆ ನೋಡಿಕೊಂಡು ಹೋಗಲು ಬಂದವರು, ಡಬ್ಬಿ ತೆರೆದು ಡಾಕ್ಟರಮ್ಮನಿಗೆ ಚಿತ್ರಾನ್ನ ಕೊಟ್ಟರು. ಮಾತು ಸಿರುಗುಪ್ಪಕ್ಕೆ ಹೊರಳಿತು.

"ಅಮ್ಮಾಯೀ, ಎಲ್ಡನೇ ಕ್ಲಿನಿಕ್ಕು ಯಾಕ ಹಾಕ್ಬೇಕು? ನಮ್ಮ ಹಲ್ಲಿನ ಡಾಕ್ಟ್ರು ಸಿರುಗುಪ್ಪ್ಯಾಗ ಕೋಣಿ ಹಿಡದಾರ. ವಾರದಾಗ ಒಂದಿನ ಖಾಲಿ ಬಿದ್ದಿರ್ತೈತಿ. ದಿನದ ಲೆಕ್ಕಕ್ಕ ಕೊಡ್ತಾರ, ಅರ್ಧ ಬಾಡಿಗಿ. ಕುರುಗೋಡಿನ್ಯಾಗೂ ಹಂಗೇ ಹುಡುಕಿದ್ರ ಸಿಗತೈತಿ. ಕೇಳ್ಲೇನು?"

ಡಾಕ್ಟರಮ್ಮ ತುತ್ತು ಕೈಯಲ್ಲಿ ಹಿಡಿದೇ ನಿಂತಳು. "ಸಿಸ್ಟರ್! ಇದು ನಂಗ್ಯಾಕೆ ಹೊಳೀಲಿಲ್ಲ?" ಎಂದವಳು ನನ್ನ ಕಡೆ ತಿರುಗಿ, "ನಿಮಗೂ ಹೊಳೀಲಿಲ್ವಲ್ಲ ಅಂಕಲ್" ಎಂದು ನಕ್ಕಳು.

ಅವಳು ನಕ್ಕದ್ದು ಸಲಿಗೆಯಿಂದ. ನನಗೆ ಮುಳ್ಳು ಚುಚ್ಚಿದಂತಾಯಿತು. ಕಂಬಿ, ಮರಳು, ಮೀಟರು ಎಂದು ನಾನು ತಿಂಗಳುಗಟ್ಟಲೆ ಉಳಿಸಿದ್ದಕ್ಕಿಂತ ಹೆಚ್ಚಿನದನ್ನು ಈ ಹೆಂಗಸು ಚಿತ್ರಾನ್ನ ಕೊಡುತ್ತಾ ಉಳಿಸಿಬಿಟ್ಟಿದ್ದಳು.

"ಮಷೀನು ಹೊತ್ಕೊಂಡು ಬಸ್ಸಿನ್ಯಾಗ ತಿರುಗಾಕ ನಾವೇನು ಸರ್ಕಸ್ಸಿನೋರೇನ್ರಿ ಸಿಸ್ಟರ್?" ಎಂದೆ.

"ಸರ್ಕಸ್ಸೇ ಅನ್ಕೋರಿ. ನಾನು ಜೋಕರ್ ಆಗ್ತೀನಿ, ನೀವು ಟಿಕೀಟ್ ಹರೀರಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ಹಲ್ಲು ತೋರಿಸಿದೆ.

ಮೊದಲ ದಿನದ ಬಾಡಿಗೆ ಕೊಟ್ಟು ಕೋಣೆ ನೋಡಿ ಬರಲು ಸಿರುಗುಪ್ಪಕ್ಕೆ ಹೋದವನು ನಾನೇ. ಹಲ್ಲಿನ ಡಾಕ್ಟರ ಕಾಂಪೌಂಡರ್ ನನ್ನ ಊರು ವಿಚಾರಿಸುತ್ತಲೇ ಬಾಗಿಲು ತೆಗೆದು ತೋರಿಸಿದ. ನೆಲಮಹಡಿ, ನೀರಿತ್ತು, ಕರೆಂಟು ಏರುಪೇರಾದರೆ ತಡೆಯಲು ಸ್ಟೆಬಿಲೈಸರೂ ಇತ್ತು. ನಮಗೆ ಸಿಗುವ ದಿನ ಮಂಗಳವಾರ.

"ಮಂಗಳಾರ ಯಾಕ ಖಾಲಿ?" ಎಂದು ಕೇಳಿದೆ.

"ಹಲ್ಲು ಕೀಳಿಸ್ಕೊಂತಾರ್ರಿ, ದುಡ್ಡು ಬಿಚ್ಚಂಗಿಲ್ಲ. ಅದಕ್ಕ ನಮ್ಮ ಡಾಕ್ಟ್ರು ಆ ದಿನ ಬರೋದೇ ಬಿಟ್ಟಾರ. ನಿಮಗೇನು ಹೇಳೋದ್ರಿ, ನೀವು ಹಚ್ಚೊಳ್ಳ್ಯೋರು" ಎಂದು ಕಣ್ಣು ಮಿಟುಕಿಸಿದ.

ಹೌದು, ನನ್ನ ಹುಟ್ಟೂರು ಅದೇ ತಾಲ್ಲೂಕಿನ ಹಚ್ಚೊಳ್ಳಿ. ನಮ್ಮ ಕಡೆ ಮಂಗಳವಾರ, ಶುಕ್ರವಾರ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು. ನನ್ನ ಅವ್ವ ಆ ಎರಡು ದಿನ ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಸಹ ಕೊಡುತ್ತಿರಲಿಲ್ಲ. ಬಳ್ಳಾರಿಯ ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ಯಾರೂ ವಾರ ನೋಡುವುದಿಲ್ಲ, ಜೀವದ ಪ್ರಶ್ನೆ ಅದು. ಆದರೆ ತಮ್ಮೂರಿನ ಬಾಡಿಗೆ ಕೋಣೆಯಲ್ಲಿ ಮಂಡಿ ಮಡಚಿಸಿಕೊಂಡದ್ದಕ್ಕೆ ಮಂಗಳವಾರ ನೋಟು ತೆಗೆಯುವವರು ಕಡಿಮೆ. ಸಾಲ ಉಳಿಸಿಕೊಳ್ಳುವ ಜನವಲ್ಲ. ಬುಧವಾರ ಕೇಳಿದರೆ ಎಣಿಸಿ ಕೊಡುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇನು?

ಅಲ್ಲಿಂದ ಕುರುಗೋಡಿಗೆ ಹೋದೆ. ಸಿಸ್ಟರ್ ಫೋನಿನಲ್ಲೇ ಹುಡುಕಿಟ್ಟಿದ್ದ ಕೋಣೆ ಗೊಬ್ಬರದ ಅಂಗಡಿಯ ಪಕ್ಕದ್ದು. ಅದು ಅಗ್ಗಕ್ಕೆ ಸಿಗುವುದು ಶುಕ್ರವಾರ. ಕಾರಣ ಕೇಳುವ ಅಗತ್ಯವೇ ಬರಲಿಲ್ಲ.

ಬಳ್ಳಾರಿ ಬಸ್ಸಿನಲ್ಲಿ ಕೂತು, ಹೋದ ಕೂಡಲೇ ಹೇಳಬೇಕು ಎಂದುಕೊಂಡೆ. ಪೂರ್ತಿ ಬಾಡಿಗೆ ಕೊಟ್ಟಾದರೂ ಬೇರೆ ದಿನ ಹಿಡಿಯಬೇಕು. ಇದನ್ನು ಹೇಳಿದರೆ ಸಿಸ್ಟರ ಜಾಣತನದಲ್ಲಿ ತೂತು ಬೀಳುತ್ತದೆ ಎಂಬ ಖುಷಿಯೂ ಇತ್ತು. ಕ್ಲಿನಿಕ್ಕಿಗೆ ಬಂದಾಗ ಮೇಜಿನ ಮೇಲೆ ಹೊಸ ಕಾರ್ಡುಗಳ ಕಟ್ಟು ಇತ್ತು. ಸಿರುಗುಪ್ಪ, ಕುರುಗೋಡು ಭೇಟಿಗೆ ಸಂಪರ್ಕಿಸಿ ಎಂದು ಕೆಳಗೆ ಸಿಸ್ಟರ ಫೋನ್ ನಂಬರು. ಹಿಂದೆ ಮುಂದೆ ತಿರುವಿ ನೋಡಿದೆ. ನನ್ನ ನಂಬರು ಎಲ್ಲೂ ಇರಲಿಲ್ಲ.

"ಕೋಣೆ ಹೇಗಿದೆ ಅಂಕಲ್?"

"ಕೋಣಿ ಚಲೋ ಅದಾವಮ್ಮ" ಎಂದೆ.

ಅಷ್ಟೇ ಅಂದೆ. ಆಮೇಲೆ ನಡೆದದ್ದೆಲ್ಲ ಆ ಮಾತಿನಿಂದಲೇ.

ಮಂಗಳವಾರ, ಶುಕ್ರವಾರ ಡಾಕ್ಟರಮ್ಮ ಮತ್ತು ಸಿಸ್ಟರ್ ಕೈಲಿ ಹಿಡಿಯುವ ಚಿಕ್ಕ ಮಷೀನು, ತೂಕದ ಪಟ್ಟಿ, ಮಡಚುವ ಚಾಪೆ ಹಿಡಿದು ಬಸ್ಸು ಹತ್ತುತ್ತಿದ್ದರು. ನಾನು ಬಳ್ಳಾರಿಯಲ್ಲಿ ಬಾಗಿಲು ಕಾಯುತ್ತಿದ್ದೆ. ಒಳಗೆ ಡಾಕ್ಟರಮ್ಮ ಚಿಕಿತ್ಸೆ ಕೊಟ್ಟು, ವಾರವಿಡೀ ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮವನ್ನು ಮನೆಯವರಿಗೆ ಕಲಿಸುತ್ತಿದ್ದಳು. ಹೊರಗೆ ಸಿಸ್ಟರ್ ಸರದಿ ನೋಡಿ, ಫೀಸು ತೆಗೆದುಕೊಂಡು ದುಡ್ಡಿನ ಡಬ್ಬಿಗೆ ಹಾಕುತ್ತಿದ್ದರು. ಎರಡೂ ಕಡೆ ಜನ ತುಂಬಿದರು. ಲಕ್ವ ಹೊಡೆದ ರೈತನೊಬ್ಬನ ಕೈಗೆ ಸಿಸ್ಟರ್ ಲಟ್ಟಣಿಗೆ ಕೊಟ್ಟು, "ಹಿಡಿ ನಾನ್ನಾ, ನಿನ್ನ ಹೇಣ್ತಿ ತೆಲಿ ಅನ್ಕೊಂಡು ಗಟ್ಟಿ ಹಿಡಿ" ಎಂದು ನಗಿಸಿ ನಗಿಸಿ ಮುಷ್ಟಿ ಬಿಗಿಯುವಂತೆ ಮಾಡಿದರಂತೆ. ಡಾಕ್ಟರಮ್ಮ ಇದನ್ನೆಲ್ಲ ಬಂದು ಬಾಯಿ ತುಂಬ ಹೇಳುವಳು. ನಾನು ಶಾಖದ ಚೀಲ ಒಣಗಲು ಹಾಕುತ್ತಾ ಕೇಳಿಸಿಕೊಳ್ಳುವೆ. ಬಳ್ಳಾರಿಯ ರೋಗಿಗಳೂ ನನ್ನನ್ನು ನೋಡಿದ ಕೂಡಲೇ, "ಸಿಸ್ಟರ್ ಬಂದಿಲ್ಲೇನ್ರಿ ಇವತ್ತು?" ಎನ್ನುವರು.

ಜನ ತುಂಬಿದರು, ದುಡ್ಡು ತುಂಬಲಿಲ್ಲ. ಕೊಡುವವರು ಸ್ವಲ್ಪ ಇದ್ದರು. ಮುಸ್ಲಿಂ ಮನೆಯವರು ಕೊಡುತ್ತಿದ್ದರು, ಬೇರೆ ಕಡೆಯಿಂದ ಕೆಲಸಕ್ಕೆ ಬಂದವರು ಕೊಡುತ್ತಿದ್ದರು. ಫೋನಿನಲ್ಲಿ ಕಳಿಸಿದರೆ ವಾರದ ದೋಷವಿಲ್ಲ ಎಂದುಕೊಂಡ ಪಡ್ಡೆ ಹುಡುಗರು ಕಳಿಸುತ್ತಿದ್ದರು. ಅದು ನೇರ ಡಾಕ್ಟರಮ್ಮನ ಫೋನಿಗೆ ಬರುತ್ತಿತ್ತು. ಇದರಿಂದ ಇನ್ನೊಂದು ಕೆಡುಕಾಯಿತು. ಫೋನಿಗೆ ಬರುವುದು ಸರಿಯಾಗಿ ಬರುತ್ತಿತ್ತು, ಸಿಸ್ಟರ ಕೈಯಿಂದ ಬರಬೇಕಾದದ್ದು ಮಾತ್ರ ಬರುತ್ತಿರಲಿಲ್ಲ. ನೋಡಿದವರಿಗೆ ಹೇಗೆ ಕಾಣಬೇಕೋ ಹಾಗೇ ಕಾಣುತ್ತಿತ್ತು.

ಒಂದು ದಿನ ಡಾಕ್ಟರಮ್ಮ ಒಳಗಿದ್ದಾಗ ಸಿಸ್ಟರ್ ನನ್ನ ಪಕ್ಕದ ಬೆಂಚಿನ ಮೇಲೆ ಬಂದು ಕೂತರು. ದಣಿದಿದ್ದರು.

"ಏನ್ರಿ, ಒಂದು ಮಾತು ಕೇಳ್ತೀನಿ. ಅಮ್ಮಾಯಿಗೆ ಇನ್ನೂ ಹೇಳಿಲ್ಲ, ಸುಮ್ನ ಚಿಂತಿ ಮಾಡ್ತಾಳ. ಎಲ್ಲರೂ 'ಬ್ಯಾರೆ ದಿನ ಬರ್ರಿ, ಕೊಡ್ತೀವಿ' ಅಂತಾರ. ನಾವು ಬರೋದೇ ಮಂಗಳಾರ, ಬ್ಯಾರೆ ದಿನ ಎಲ್ಲಿಂದ ತರ್ಲಿ? ಮುಖ ನೋಡಿದ್ರ ಮೋಸದ ಜನ ಅಲ್ಲ. ಮುದುಕಿ ಒಬ್ಬಾಕಿ ಕೈ ಮುಗದು ಹೋಗ್ತಾಳ, ದುಡ್ಡು ಮಾತ್ರ ಬಿಚ್ಚಂಗಿಲ್ಲ. ನೀವು ಆ ಕಡಿಯೋರಲ್ಲೇನು? ಇದೇನಂತ ನನಗ ತಿಳಿಸ್ರಿ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ದಿನ ಬದಲಿಸ್ರಿ ಸಿಸ್ಟರ್, ಅಷ್ಟೇ ಎಂದಿದ್ದರೆ ಆಗುತ್ತಿತ್ತು. ಹೇಳಿದರೆ ಇವರು ಒಳಗೆ ಹೋಗಿ ಡಾಕ್ಟರಮ್ಮನಿಗೆ ಹೇಳುತ್ತಾರೆ, ಅದನ್ನು ಸರಿಮಾಡಿದ ಹೆಸರೂ ಇವರದೇ ಆಗುತ್ತದೆ ಎಂಬುದು ಮೊದಲು ತಲೆಗೆ ಬಂತು.

"ನನಗೇನು ಗೊತ್ರಿ? ಈಗಿನ ಜನ ಕೆಟ್ಟಾರ. ಕೇಳೋ ಹಂಗ ಕೇಳಿದ್ರ ಕೊಡ್ತಾರ" ಎಂದೆ.

ಅವರು ತಲೆ ಆಡಿಸಿದರು. "ಹೌದೇನೋ. ನನಗ ದುಡ್ಡು ಕೇಳಿ ರೂಢಿ ಇಲ್ಲ ನೋಡ್ರಿ" ಎಂದು ಎದ್ದುಹೋದರು.

ಬಂಗಾರದ ಬಡ್ಡಿಗೆ ಬ್ಯಾಂಕಿನಿಂದ ಎರಡನೆಯ ನೋಟೀಸು ಬಂದ ದಿನ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಅಮ್ಮನ ಬಳೆ ಹರಾಜಿಗೆ ಹೋಗುವ ಮೊದಲು ಇದನ್ನು ಮುಚ್ಚಿ ನರ್ಸಿಂಗ್ ಹೋಮಿಗೆ ಹೋಗುವುದೇ ಒಳ್ಳೆಯದೇನೋ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅಂಕಲ್, ಕೋಣೆ ತುಂಬ ಜನ ಬರ್ತಾರೆ. ನಾನು ಕಣ್ಣಾರೆ ನೋಡ್ತೀನಿ. ದುಡ್ಡು ಎಲ್ಲಿ ಹೋಗ್ತಿದೆ?"

"ನನಗೇನು ಗೊತ್ತಮ್ಮ. ಡಬ್ಬಿ ಸಿಸ್ಟರ್ ಕೈಯಾಗ ಇರ್ತೈತಿ" ಎಂದೆ.

ಕದ್ದರು ಎಂದು ನಾನು ಹೇಳಲಿಲ್ಲ. ಎಷ್ಟೋ ವರ್ಷ ಈ ಒಂದು ಮಾತನ್ನು ಹಿಡಿದುಕೊಂಡೇ ನನಗೆ ನಾನು ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಹೇಳಿದ್ದು ಹೇಗೆ ಕೇಳಿಸಬೇಕೆಂದು ಬಯಸಿದ್ದೆನೋ ಹಾಗೇ ಕೇಳಿಸಿತು.

ಮರುದಿನ ಅವಳು ಸಿಸ್ಟರಿಗೆ, ಇನ್ನು ಮುಂದೆ ನೀವು ಬಳ್ಳಾರಿಯಲ್ಲೇ ಇರಿ, ಹೊರಗಿನ ಭೇಟಿಗೆ ಅಂಕಲ್ ಬರ್ತಾರೆ ಎಂದಳು. ಕಾರಣ ಹೇಳಲಿಲ್ಲ. ಸಿಸ್ಟರ್ ಜೀವಮಾನವೆಲ್ಲ ವಾರ್ಡಿನಲ್ಲಿ ಮುಖ ಓದಿದವರು. ಡಬ್ಬಿಯ ಕೀಲಿಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟರು.

"ಇಲ್ಲಿ ನಾ ಕುಂತು ಏನು ಮಾಡ್ಲಮ್ಮಾಯಿ? ಇಲ್ಲಿ ಇವರದಾರಲ್ಲ. ನನಗೂ ಬಸ್ಸು ಹತ್ತಿ ಇಳದು ಸಾಕಾಗೇತಿ" ಎಂದರು. ನನ್ನ ಕಡೆ ನೋಡಿ, "ಲಟ್ಟಣಿಗಿ ಮರೀಬ್ಯಾಡ್ರಿ, ಆ ರೈತಗ ಅದೇ ಬೇಕು" ಎಂದು ಇಳಿಜಾರಿನ ಮೇಲೆ ಮೆಲ್ಲಗೆ ಇಳಿದುಹೋದರು. ಮತ್ತೆ ಬರಲಿಲ್ಲ.

ಅಂದು ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಆದರೆ ನಿಲ್ಲಿಸುವ ಮನಸ್ಸೂ ಆಗಲಿಲ್ಲ.

ಕ್ಲಿನಿಕ್ಕು ಮುಚ್ಚಿದರೆ ನನಗೂ ಜಾಗವಿಲ್ಲ. ನಾನು ಡಾಕ್ಟರಮ್ಮನಿಗೆ ಹೇಳಿದೆ, ಸಿರುಗುಪ್ಪಕ್ಕೆ ಸೋಮವಾರ ಹೋಗೋಣ, ಕುರುಗೋಡಿಗೆ ಗುರುವಾರ. ಬಾಡಿಗೆ ಪೂರ್ತಿ ಆಗುತ್ತದೆ, ಆಗಲಿ. ಹಲ್ಲಿನ ಡಾಕ್ಟರಿಗೂ ಹೇಳಿ ದಿನ ಬದಲಿಸಿಕೊಂಡೆ, ರೋಗಿಗಳಿಗೂ ಸುದ್ದಿ ಮುಟ್ಟಿಸಿದೆ. ಯಾಕೆ ಎಂದು ಅವಳು ಕೇಳಿದಾಗ, ಬಸ್ಸು ಅನುಕೂಲ ಎಂದೆ.

ಮೊದಲ ಸೋಮವಾರ ಸಿರುಗುಪ್ಪದಲ್ಲಿ ಬಾಗಿಲು ತೆರೆಯುವ ಮುಂಚೆಯೇ ಜನ ಕಟ್ಟೆಯ ಮೇಲೆ ಕೂತಿದ್ದರು. ಒಬ್ಬ ಮುದುಕಿ ಸೊಂಟದ ಚೀಲದಿಂದ ಮಡಚಿದ ನೋಟುಗಳನ್ನು ತೆಗೆದು, ಬೆರಳಿಗೆ ಉಗುಳು ಹಚ್ಚಿ ಎಣಿಸಿ ನನ್ನ ಕೈಗಿಟ್ಟಳು. ಅಷ್ಟು ದಿನದ ಫೀಸು ಒಂದೇ ಸಲಕ್ಕೆ.

"ತಗೋಪ್ಪ. ಎಷ್ಟು ಸಲ ಅಂದ್ವಿ ಆ ಸಿಸ್ಟರಮ್ಮಗ, ಬ್ಯಾರೆ ದಿನ ಬಾರವ್ವ ಅಂತ. ಪಾಪ, ಒಂದಿನಾನೂ ಸಿಟ್ಟಾಗ್ಲಿಲ್ಲ ಆಕಿ. ಎಲ್ಲಿ, ಬಂದಿಲ್ಲೇನು?"

"ಆಕಿಗೆ ಆರಾಮಿಲ್ಲ" ಎಂದೆ.

ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಮುಷ್ಟಿ ಬಿಗಿಯಲು ಕಲಿತ ಆ ರೈತನ ಹೆಂಡತಿ ದುಡ್ಡಿನ ಜೊತೆ ಅರ್ಧ ಚೀಲ ಹೊಸ ಅಕ್ಕಿ ಇಳಿಸಿ, ಇದು ಸಿಸ್ಟರಮ್ಮಗೆ ಎಂದಳು. ಕುರುಗೋಡಿನಲ್ಲೂ ಹಾಗೇ ಆಯಿತು. ಬಡ್ಡಿ ಕಟ್ಟುವಷ್ಟು ಎರಡೇ ಭೇಟಿಯಲ್ಲಿ ಬಂತು. ಒಬ್ಬರೂ ಒಂದು ರೂಪಾಯಿ ಉಳಿಸಿಕೊಂಡಿರಲಿಲ್ಲ. ಅಂದರೆ ಸಿಸ್ಟರ ಕೈಯಿಂದ ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಅದಕ್ಕೆ ಊರಿಗೆ ಊರೇ ಸಾಕ್ಷಿ, ಆ ಸಾಕ್ಷಿ ಕೇಳಲು ಅಲ್ಲಿ ನಿಂತವನು ನಾನೊಬ್ಬನೇ.

ಡಾಕ್ಟರಮ್ಮ ಒಳಗಿನಿಂದ ಬಂದು ಡಬ್ಬಿ ನೋಡಿ ದಂಗಾದಳು. "ಏನು ಮಾಡಿದ್ರಿ ಅಂಕಲ್?"

ಇಲ್ಲೂ ಒಂದು ಅವಕಾಶವಿತ್ತು. ಸತ್ಯ ಹೇಳಿದ್ದರೆ ಅವಳು ಅಂದೇ ಸಿಸ್ಟರ ಮನೆಗೆ ಹೋಗುತ್ತಿದ್ದಳು.

"ಗಟ್ಟಿಯಾಗಿ ಕೇಳ್ದೆ, ಕೊಟ್ರು" ಎಂದೆ.

ಅಕ್ಕಿ ಚೀಲವನ್ನು ನನ್ನ ಮನೆಗೆ ಒಯ್ದೆ. ಹೆಂಡತಿ ಅನ್ನ ಮಾಡಿ, ಅಕ್ಕಿ ಎಷ್ಟು ಚೆನ್ನಾಗಿದೆ ಎಂದಳು.

ಡಾಕ್ಟರಮ್ಮ ಬಂಗಾರ ಬಿಡಿಸಿಕೊಂಡಳು. ಕ್ಲಿನಿಕ್ಕು ಬೆಳೆಯಿತು. ಇನ್ನಿಬ್ಬರು ಫಿಸಿಯೋಥೆರಪಿಸ್ಟುಗಳು ಸೇರಿದರು. ನನ್ನ ಮಂಡಿ ಸೋತು ಕೆಲಸ ಬಿಟ್ಟ ದಿನ ಅವಳು ಶಾಲು ಹೊದಿಸಿ, "ಸಿರುಗುಪ್ಪದಲ್ಲಿ ಅಂಕಲ್ ಗಟ್ಟಿಯಾಗಿ ನಿಲ್ಲದೆ ಇದ್ದಿದ್ರೆ ಇವತ್ತು ಈ ಕ್ಲಿನಿಕ್ಕೇ ಇರ್ತಿರಲಿಲ್ಲ" ಎಂದು ಎಲ್ಲರ ಮುಂದೆ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಹೊಟ್ಟೆಕಿಚ್ಚು ಪಟ್ಟವನಿಗೆ ಬೇಕಾದದ್ದು ಅದೇ, ಎಲ್ಲ ಹೊಗಳಿಕೆಯೂ ತನಗೊಬ್ಬನಿಗೇ ಸಿಗುವುದು. ಸಿಕ್ಕಿತು. ಶಾಲಿನೊಳಗೆ ಬೆವೆತು ಕೂತಿದ್ದೆ.

ಕಳೆದ ತಿಂಗಳು ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಮಂಗಳವಾರದ್ದು, ಡಬ್ಬಿಯದ್ದು, ಅಕ್ಕಿಯದ್ದು. ಅವಳು ಬೈಯಲಿಲ್ಲ. "ಸಿಸ್ಟರ್ ಹತ್ರ ನಾನು ಹೋಗ್ತೀನಿ, ನನ್ನ ತಪ್ಪಿಗೆ. ನಿಮ್ಮದನ್ನ ನೀವೇ ಹೇಳ್ಬೇಕು" ಎಂದು ಎದ್ದು ಮುಂದಿನ ರೋಗಿಯನ್ನು ಕರೆದಳು. ಅಂಕಲ್ ಎನ್ನಲಿಲ್ಲ.

ಅದಾದ ಮೇಲೆ ಒಮ್ಮೆ ಸಿಸ್ಟರ ಮನೆಗೆ ಹೋಗಲು ಹೊರಟೆ ಕೂಡ. ತರಕಾರಿ ಮಾರುಕಟ್ಟೆಯ ಹತ್ತಿರ ಅವರೇ ಎದುರಾದರು. ಬೆನ್ನು ಬಾಗಿದೆ, ದನಿ ಹಾಗೇ ಇದೆ.

"ಅಯ್ಯೋ, ನೀವಾ! ಹೆಂಗದೀರಿ? ಅಮ್ಮಾಯಿ ಹೆಂಗದಾಳ? ಸಿರುಗುಪ್ಪಿ ನಡದೈತೇನು?"

"ನಡದೈತ್ರಿ."

"ನೀವು ಇದ್ರಿ, ಉಳೀತು ಬಿಡ್ರಿ. ನನಗ ಜನರ ಹತ್ರ ಕೇಳಾಕ ಬರ್ಲೇ ಇಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿದ್ರ ಆ ಹುಡುಗಿಗಿ ಅಷ್ಟು ಕಷ್ಟ ಆಗ್ತಿರ್ಲಿಲ್ಲ ಅಂತ ಈಗ್ಲೂ ಅನ್ಸತೈತಿ ನೋಡ್ರಿ."

ಅಂದರೆ ಡಾಕ್ಟರಮ್ಮ ಇನ್ನೂ ಹೋಗಿರಲಿಲ್ಲ, ನಾನು ಮೊದಲು ಹೇಳಲೆಂದು ಕಾಯುತ್ತಿದ್ದಳೇನೋ. ನಾನು ಬಾಯಿ ತೆರೆದೆ. ಬಿಸಿಲು ಬಾಳ ಐತಿ, ನೆರಳಿಗೆ ಹೋಗ್ರಿ ಎಂದೆ. ಅವರು ನಕ್ಕು, ಚೀಲ ಬದಲಿಸಿಕೊಂಡು ಹೋದರು.

ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿಯೂ ನಾನು ಅವರನ್ನು ಸಿಸ್ಟರ್ ಎಂದೇ ಕರೆದೆ. ಇಲ್ಲಿಯೂ ಹಾಗೇ ಬರೆದುಕೊಂಡು ಬಂದೆ. ನಾನು ಇನ್ನೂ ಕ್ಷಮೆ ಕೇಳದ ಆ ಹೆಣ್ಣುಮಗಳ ಹೆಸರು ಎಸ್ತೇರಮ್ಮ.